ಭಾಲ್ಕಿಯ ಪಹಣಿ ಟೆಕ್ಸಾಸಿನ ಕೋರ್ಟಿಗೆ ಬೇಡ

ಪತ್ರ: ಸ್ಟೂಡೆಂಟ್ ವೀಸಾ ಮೇಲೆ ಹೋಗಿದ್ದ ಅಣ್ಣನ ಮಗ ನಡುವೆ ಕಾಲೇಜು ಬಿಟ್ಟಿದ್ದ. ಈಗ ಟೆಕ್ಸಾಸಿನ ವಲಸೆ ಬಂಧನ ಕೇಂದ್ರದಲ್ಲಿದ್ದಾನೆ. ಪೊಲೀಸ್ ಕೇಸಿಲ್ಲ. ಎರಡು ಲಕ್ಷ ಕೊಟ್ಟರೆ ಬಿಡಿಸುತ್ತೇನೆ ಎಂದು ಏಜೆಂಟನೊಬ್ಬ ಹೇಳುತ್ತಾನೆ. ಹೊಲದ ಪಹಣಿ, ಪಂಚಾಯ್ತಿ ಪತ್ರ ತಯಾರಿಟ್ಟಿದ್ದೇವೆ. ಮುಂದೇನು? – ಓದುಗರು, ಭಾಲ್ಕಿ

ಉತ್ತರ: ಏಜೆಂಟನಿಗೆ ಒಂದು ರೂಪಾಯಿಯೂ ಬೇಡ. ಬಾಂಡ್ ಹಣವನ್ನು, ಅಂದರೆ ಬಿಡುಗಡೆಗೆ ಇಡುವ ಠೇವಣಿಯನ್ನು, ಅಮೆರಿಕದಲ್ಲಿ ಕಾನೂನುಬದ್ಧವಾಗಿ ಇರುವವರೇ ತಮ್ಮ ಹೆಸರಲ್ಲಿ ಪೂರ್ತಿ ಕಟ್ಟಬೇಕು. ಕನಿಷ್ಠ 1,500 ಡಾಲರ್. ನ್ಯಾಯಾಧೀಶರು ಹೇಳುವುದು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ. ಹುಡುಗ ಕರೆದಾಗಲೆಲ್ಲ ಹಾಜರಾಗಿ ಕೊನೆಯ ಆದೇಶ ಪಾಲಿಸಿದರೆ ಕಟ್ಟಿದವರಿಗೆ ವಾಪಸ್ ಬರುತ್ತದೆ.

ಮೊದಲು ಅವನ ‘ಎ-ನಂಬರ್’, ಅಂದರೆ ವಲಸೆ ಅಧಿಕಾರಿಗಳು ಕೊಟ್ಟ ಗುರುತಿನ ಸಂಖ್ಯೆ, ತಿಳಿದುಕೊಳ್ಳಿ. ಆ ನಂಬರ್, ಹುಟ್ಟಿದ ದೇಶ ಎರಡನ್ನೂ ಹಾಕಿದರೆ ಎಲ್ಲಿಟ್ಟಿದ್ದಾರೆಂದು ವಲಸೆ ಬಂಧನ ನಡೆಸುವ ಸಂಸ್ಥೆ ಐಸಿಇಯ ಜಾಲತಾಣದಲ್ಲಿ ಗೊತ್ತಾಗುತ್ತದೆ. ಸರ್ಕಾರಿ ಖರ್ಚಿನಲ್ಲಿ ವಕೀಲರು ಸಿಗುವುದಿಲ್ಲ, ನೀವೇ ಹಿಡಿಯಬೇಕು. ಅಲ್ಲಿಯವರೆಗೆ ಅರ್ಥವಾಗದ ಯಾವ ಕಾಗದಕ್ಕೂ ಸಹಿ ಹಾಕಬೇಡ ಎಂದು ಹುಡುಗನಿಗೆ ಹೇಳಿ. ದೇಶ ಬಿಡಲು ಒಪ್ಪಿಗೆ ಎಂಬ ಕಾಗದವೂ ಅದರಲ್ಲಿರಬಹುದು.

ಅವನು ವೀಸಾ ಮೇಲೆ ಒಳಗೆ ಹೋಗಿದ್ದಾನೆ, ಅಪರಾಧದ ಕೇಸಿಲ್ಲ. ಹಾಗಾಗಿ ವಲಸೆ ನ್ಯಾಯಾಧೀಶರ ಮುಂದೆ ಬಾಂಡ್ ಕೇಳಬಹುದು. ಓಡಿಹೋಗುವುದಿಲ್ಲ, ಯಾರಿಗೂ ಅಪಾಯವಿಲ್ಲ ಎಂದು ತೋರಿಸುವ ಹೊರೆ ಅವನದೇ. ನಿಮ್ಮ ಪಹಣಿ ಎಡವುವುದು ಇಲ್ಲಿಯೇ. ಭಾಲ್ಕಿಯಲ್ಲಿ ಹೊಲವಿದೆ ಎಂದರೆ ಅಮೆರಿಕದಲ್ಲಿ ಅವನ ಬೇರಿದೆ ಎಂದಾಗುವುದಿಲ್ಲ. ಬೇಕಾದದ್ದು ಆಸರೆ ಕೊಡುವವರ ಪತ್ರ, ಅವರ ಗ್ರೀನ್ ಕಾರ್ಡ್ ಅಥವಾ ಪೌರತ್ವದ ದಾಖಲೆ, ಬಾಡಿಗೆ ಕರಾರು, ಆದಾಯದ ಕಾಗದ. ಕನ್ನಡ, ಉರ್ದು ದಾಖಲೆ ಕಳಿಸುವುದಾದರೆ ಇಂಗ್ಲಿಷ್ ಅನುವಾದದ ಜೊತೆ ಅನುವಾದಕರು ಸಹಿ ಮಾಡಿದ ಪ್ರಮಾಣಪತ್ರವೂ ಇರಲಿ.

ಅರ್ಧಂಬರ್ಧ ಫೈಲಿಟ್ಟುಕೊಂಡು ವಿಚಾರಣೆಗೆ ಧಾವಿಸಬೇಡಿ. ಒಮ್ಮೆ ಇಲ್ಲ ಎಂದರೆ, ಪರಿಸ್ಥಿತಿ ನಿಜಕ್ಕೂ ಬದಲಾಗಿದೆ ಎಂದು ಲಿಖಿತವಾಗಿ ತೋರಿಸಿದ ಮೇಲೇ ಮತ್ತೆ ಕೇಳಲು ಬರುವುದು. ಮೇಲ್ಮನವಿಗೂ ಗಡುವಿದೆ, ಎಷ್ಟು ದಿನ ಎಂದು ವಕೀಲರನ್ನು ಕೂಡಲೇ ಕೇಳಿ.

ವೀಸಾ ಇಲ್ಲದೆ ಕದ್ದು ಗಡಿ ದಾಟಿ ಹೋದವರ ಕಥೆ ಬೇರೆ. ಅವರಿಗೆ ಬಾಂಡ್ ಕೊಡುವ ಅಧಿಕಾರ ವಲಸೆ ನ್ಯಾಯಾಧೀಶರಿಗಿಲ್ಲ ಎಂದು 2025ರ ಸೆಪ್ಟೆಂಬರಿನಲ್ಲಿ ವಲಸೆ ಮೇಲ್ಮನವಿ ಮಂಡಳಿ ಹೇಳಿತು. ಅಂಥವರು ಫೆಡರಲ್ ಜಿಲ್ಲಾ ಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಬಂಧನವೇ ಕಾನೂನುಬಾಹಿರ ಎಂಬ ಅರ್ಜಿ, ಹಾಕುತ್ತಾರೆ. ಶುಲ್ಕ ಬರೀ 5 ಡಾಲರ್, ಖರ್ಚೆಲ್ಲ ಆಗುವುದು ವಕೀಲರ ಫೀಸಿಗೆ. ಬಂಧನದಲ್ಲಿಟ್ಟ ಜಾಗ ಯಾವ ಜಿಲ್ಲಾ ಕೋರ್ಟಿನ ವ್ಯಾಪ್ತಿಗೆ ಬರುತ್ತದೋ ಅಲ್ಲೇ ಹಾಕಬೇಕು, ಬೇರೆ ರಾಜ್ಯಕ್ಕೆ ಸಾಗಿಸುವ ಮೊದಲೇ ಹಾಕಿದರೆ ಒಳ್ಳೆಯದು. ಗಡೀಪಾರು ಆದೇಶ ಅಂತಿಮವಾದವರಿಗೆ ಅಮೆರಿಕದ ಸುಪ್ರೀಂ ಕೋರ್ಟಿನ 2001ರ ತೀರ್ಪಿನ ವಾದವಿದೆ: 6 ತಿಂಗಳಾದರೂ ವಾಪಸ್ ಕಳಿಸುವ ಸಾಧ್ಯತೆ ಕಾಣದಿದ್ದರೆ ಬಿಡುಗಡೆ ಕೇಳಬಹುದು. ಆದರೆ ಭಾರತ ತನ್ನವರನ್ನು ವಾಪಸ್ ತೆಗೆದುಕೊಳ್ಳುತ್ತಿರುವಾಗ ನಮ್ಮವರಿಗೆ ಅದರ ಬಲ ಕಡಿಮೆ.

ಹ್ಯೂಸ್ಟನ್‌ನ ಭಾರತೀಯ ದೂತಾವಾಸ ಕಚೇರಿಗೂ ಬರೆಯಿರಿ. ಅವರು ಹುಡುಗನನ್ನು ಭೇಟಿಯಾಗಬಹುದು, ಬಿಡಿಸಲಾರರು.