ದೊಡ್ಡ ಮಗನನ್ನು ಒಂದು ವರ್ಷ ಅಜ್ಜಿ ಮನೆಗೆ ಕಳಿಸಲಾ?

ಪ್ರಶ್ನೆ: ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಮಗನಿಗೆ ಮೂರು ಮುಕ್ಕಾಲು ವರ್ಷ, ಮಗಳಿಗೆ ಎಂಟು ತಿಂಗಳು. ಗಂಡನಿಗೆ ಬೆಂಗಳೂರಲ್ಲಿ ಕೆಲಸ. ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದರೆ ಮನೆ ಸೇರೋದು ರಾತ್ರಿ ಒಂಬತ್ತೂವರೆಗೆ. ಪಾಪು ಹುಟ್ಟಿದಾಗ ಮಗ ಚೆನ್ನಾಗೇ ಇದ್ದ. ಎರಡು ತಿಂಗಳಿಂದ ಹಠ ಜಾಸ್ತಿಯಾಗಿದೆ. ನಿಂತೇ ಹೋಗಿದ್ದ ಹಾಸಿಗೆ ಒದ್ದೆ ಮಾಡೋದು ಮತ್ತೆ ಶುರುವಾಗಿದೆ. ಮೊಬೈಲ್ ಇಲ್ಲದೆ ಅನ್ನ ಗಂಟಲಲ್ಲಿ ಇಳಿಯಲ್ಲ. ಮಾತಾಡುವಾಗ 'ಅ ಅ ಅಮ್ಮ' ಅಂತ ತಡವರಿಸುತ್ತಾನೆ. ಪಾಪುವಿಗೆ ಎಣ್ಣೆಸ್ನಾನ ಮಾಡಿಸಿ ಸಾಂಬ್ರಾಣಿ ಹಾಕುವಾಗ ಬಾಗಿಲಲ್ಲಿ ನಿಂತು 'ನಂಗೂ ಹೊಗೆ ಹಾಕು' ಅಂತ ಅಳುತ್ತಾನೆ. ಹೋದ ವಾರ ಅವಳ ಕೆನ್ನೆ ಗಿಲ್ಲಿ ರಕ್ತ ಬರಿಸಿದ. ನಾನು ತಡೆಯೋಕಾಗದೆ ಬೆನ್ನಿಗೆ ಎರಡು ಬಾರಿಸಿಬಿಟ್ಟೆ.

ಅತ್ತೆ ಇರೋದು ಪಾಂಡವಪುರದ ಹತ್ತಿರ ಹಳ್ಳಿಯಲ್ಲಿ. ಎರಡು ಹಸು ಕಟ್ಟಿದ್ದಾರೆ, ಬಿಟ್ಟು ಬರೋಕಾಗಲ್ಲ. 'ಮಗೀನ ನಮ್ಮಟ್ಟಿಗೆ ಕಳ್ಸ್‌ಬುಡವ್ವ, ಒಂದ್ವರ್ಸ ನಾ ನೋಡ್ಕತ್ತೀನಿ, ಇಲ್ಲೇ ಅಂಗನವಾಡಿಗೆ ಹೋಯ್ತದೆ' ಅಂತಾರೆ. ಮನೆ ಹಿಂದೆ ಸ್ವಲ್ಪ ದೂರದಲ್ಲೇ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಇದೆ, ಅದೊಂದು ಭಯ. ಗಂಡ 'ನಾನೂ ಅಜ್ಜಿ ಮನೇಲೇ ಬೆಳೆದೋನು, ಏನಾಯ್ತು ನಂಗೆ?' ಅಂತಾರೆ. ನನ್ನಮ್ಮ ಮಾತ್ರ 'ಮಗುನ ಕಳಿಸಿದ್ರೆ ನಿನ್ನ ಮುಖ ನೋಡಲ್ಲ' ಅಂತಿದ್ದಾರೆ. ನನಗೋ, ಪಾಪು ಮಲಗಿದ್ರೂ ನಿದ್ದೆ ಬರಲ್ಲ. ಸುಮ್ಸುಮ್ನೆ ಅಳು ಬರುತ್ತೆ. ಏನು ಮಾಡಲಿ?

— ಹೆಸರು ಬೇಡ, ಮೈಸೂರು

ಉತ್ತರ: ಕಳಿಸಬೇಡಿ. ನಾಲ್ಕು ದಿನ, ಒಂದು ವಾರ ಅಂದಿದ್ದರೆ ನನ್ನ ತಕರಾರಿರಲಿಲ್ಲ. ಒಂದು ವರ್ಷ ಬೇಡ, ಅದರಲ್ಲೂ ಈಗ ಬೇಡ.

ನಿಮ್ಮ ಮಗ ಇದನ್ನು ಹೇಗೆ ಲೆಕ್ಕ ಹಾಕುತ್ತಾನೆ ನೋಡಿ. ಪಾಪು ಬಂತು, ಅಮ್ಮನ ಮಡಿಲು ಹೋಯಿತು. ರಾತ್ರಿ ಅಮ್ಮನ ಪಕ್ಕದ ಜಾಗ ಹೋಯಿತು. ಪಾಪುನ ಗಿಲ್ಲಿದೆ, ಈಗ ಮನೆಯಿಂದಲೇ ಕಳಿಸಿದರು. ಅಲ್ಲಿ ಕರು ಇದೆ, ಕಬ್ಬಿದೆ, ಅಜ್ಜಿ ಮುದ್ದು ಮಾಡ್ತಾರೆ ಅಂತ ನೀವು ಎಷ್ಟೇ ಪುಸಲಾಯಿಸಿ, ಅವನ ತಲೆಯಲ್ಲಿ ಕೂರೋದು ಇದೇ. ಇನ್ನೊಂದು, ಇಂಥ ಒಂದು ವರ್ಷ ಒಂದೇ ವರ್ಷಕ್ಕೆ ಮುಗಿಯೋದು ಕಡಿಮೆ. ಅಲ್ಲಿಗೆ ಒಗ್ಗಿಕೊಂಡ ಮಗುವನ್ನು ಮತ್ತೆ ಕಿತ್ತು ತರುವಾಗ ಇಷ್ಟೇ ಅಳು, ಇಷ್ಟೇ ರಂಪ ಇನ್ನೊಂದು ಸಲ ಆಗುತ್ತೆ.

ನಿಮ್ಮ ಯಜಮಾನರು ಅಜ್ಜಿ ಮನೆಯಲ್ಲಿ ಬೆಳೆದದ್ದು ನಿಜವಿರಬಹುದು. ಆದರೆ ಆ ಮನೆಯಲ್ಲಿ ಆಗ ಎಷ್ಟು ಜನ ಇದ್ದರು ಅಂತ ಒಮ್ಮೆ ಕೇಳಿ. ಚಿಕ್ಕಪ್ಪ, ಅತ್ತೆ, ಓರಗೆಯ ಮಕ್ಕಳು, ಹಟ್ಟಿ ತುಂಬ ಜನ ಇದ್ದಿರಬೇಕು. ಈಗ ನಿಮ್ಮ ಅತ್ತೆ ಮನೆಯಲ್ಲಿರೋದು ವಯಸ್ಸಾದ ಒಂದು ಜೀವ ಮತ್ತು ಎರಡು ಹಸು. ಹಸುವಿನ ಕೆಲಸ ಯಾವ ಹೊತ್ತಿಗೆ? ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಕರೆಯಬೇಕು, ಡೈರಿ ಮುಚ್ಚೋದರೊಳಗೆ ಕ್ಯಾನು ಹಿಡಿದು ಓಡಬೇಕು. ಮಗು ಹಠ ಮಾಡೋದೂ, ಕಣ್ಣು ತಪ್ಪಿಸಿ ಓಡೋದೂ ಅದೇ ಹೊತ್ತಲ್ಲಿ. ಅಂದರೆ ನಿಮ್ಮ ಮನೆಯಲ್ಲಿ ಸಂಜೆ ಯಾವ ಹೊತ್ತಿಗೆ ಕೈ ಸಾಲದೋ, ಅಲ್ಲೂ ಅದೇ ಹೊತ್ತಿಗೆ ಸಾಲದು. ಅದರ ಮೇಲೆ ಹಿಂದೆ ನಾಲೆ. ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಕೆಚ್ಚಲಿಗೆ ಕೈ ಹಾಕಿ ಕೂತವರು ನಡುವೆ ಎದ್ದು ಮಗುವಿನ ಹಿಂದೆ ಓಡೋಕಾಗಲ್ಲ.

ಅಂಗನವಾಡಿಯ ಬಗ್ಗೆ ನನಗೆ ಯಾವ ಅಸಡ್ಡೆಯೂ ಇಲ್ಲ. ನಮ್ಮ ರಾಜ್ಯದಲ್ಲಿ ಅದು 1975ರಲ್ಲಿ ಶುರುವಾದದ್ದೇ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಎಷ್ಟೋ ಪ್ರೀ-ಸ್ಕೂಲ್‌ಗಳಿಗಿಂತ ಅಲ್ಲಿನ ಟೀಚರ್‌ಗೆ ಮಕ್ಕಳ ನಾಡಿ ಚೆನ್ನಾಗಿ ಗೊತ್ತು. ಆದರೆ ಅದು ಸಂಜೆ ಹೊತ್ತಲ್ಲಿ ತೆರೆದಿರಲ್ಲ. ನಿಮಗೆ ಕಷ್ಟ ಇರೋದು ಸಂಜೆ.

ಈಗ ನಿಮ್ಮ ಪತ್ರದ ಕೊನೆಗೆ ಬರುತ್ತೇನೆ. ಮಗು ಮಲಗಿದರೂ ನಿಮಗೆ ನಿದ್ದೆ ಬರಲ್ಲ, ಕಾರಣವಿಲ್ಲದೆ ಅಳು ಬರುತ್ತೆ ಅಂತ ಬರೆದಿದ್ದೀರಿ. ಮಗನ ವಿಷಯಕ್ಕಿಂತ ನನಗೆ ಇದು ಮುಖ್ಯ ಅನ್ನಿಸಿತು. ಮಗು ಅತ್ತು ಎಬ್ಬಿಸಿ ನಿದ್ದೆ ಕೆಡೋದು ಬೇರೆ, ಮಗು ಗೊರಕೆ ಹೊಡೆಯುತ್ತಿರುವಾಗಲೂ ನೀವು ಸೂರು ನೋಡುತ್ತಾ ಮಲಗೋದು ಬೇರೆ. ಹೆರಿಗೆ ನಂತರದ ಖಿನ್ನತೆ ಮೊದಲ ತಿಂಗಳಲ್ಲೇ ಬರಬೇಕು ಅಂತಿಲ್ಲ. ವರ್ಷ ತುಂಬೋದರೊಳಗೆ ಯಾವಾಗ ಬೇಕಾದರೂ ಬರಬಹುದು. ನಿಮಗೆ ಅದೇ ಆಗಿದೆ ಅಂತ ಪತ್ರ ಓದಿ ನಾನು ಹೇಳೋಕಾಗಲ್ಲ. ರಕ್ತ ಕಡಿಮೆಯಿರಬಹುದು, ಥೈರಾಯ್ಡ್ ಏರುಪೇರಾಗಿರಬಹುದು, ಅವುಗಳಿಂದಲೂ ಹೀಗೇ ಆಗುತ್ತೆ. ಹೆರಿಗೆ ಮಾಡಿಸಿದ ಡಾಕ್ಟರ ಹತ್ತಿರವೇ ಹೋಗಿ, ನನಗೆ ಬರೆದ ಹಾಗೇ ಅವರಿಗೂ ಹೇಳಿ. ರಕ್ತ ಪರೀಕ್ಷೆ ಮಾಡಿಸಿ. ಅವರು ಮನೋವೈದ್ಯರನ್ನು ನೋಡಿ ಅಂದರೆ ಗಾಬರಿ ಬೇಡ, ನಿಮ್ಮೂರಿನ ಸರ್ಕಾರಿ ಕೆ.ಆರ್. ಆಸ್ಪತ್ರೆಯಲ್ಲೇ ಆ ವಿಭಾಗ ಇದೆ. ಹಾಲು ಕುಡಿಸುವ ತಾಯಂದಿರಿಗೆ ಕೊಡಬಹುದಾದ ಔಷಧಿಗಳೂ ಇವೆ. ರಾತ್ರಿ ಹೊತ್ತಲ್ಲಿ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗೋ ಮಕ್ಕಳಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಒಂದು ಕ್ಷಣ ಬಂದರೂ ಒಬ್ಬರೇ ಇರಬೇಡಿ. ಪಕ್ಕದ ಮನೆ ಬಾಗಿಲು ತಟ್ಟಿ, ಆ ಹೊತ್ತಲ್ಲಿ ಮಾನ ಮರ್ಯಾದೆ ಅಂತ ನೋಡಬೇಡಿ. ಡಾಕ್ಟರ ಹತ್ತಿರ ಹೋಗುವ ದಿನ ನಿಮ್ಮ ಯಜಮಾನರು ರಜೆ ಹಾಕಲಿ. ಪಾಪುವಿನ ಇಂಜೆಕ್ಷನ್‌ಗೆ ಹಾಕುವ ಹಾಗೇ ಇದಕ್ಕೂ ಹಾಕಬಹುದು.

ಮಗನ ವಿಷಯ. ಪಾಪು ಹುಟ್ಟಿದಾಗ ಸರಿಯಿದ್ದ ಹುಡುಗ ಎರಡು ತಿಂಗಳಿಂದ ಯಾಕೆ ಕೆಟ್ಟ? ಎರಡು ತಿಂಗಳಿಂದ ಪಾಪು ಏನು ಮಾಡ್ತಿದೆ ಯೋಚಿಸಿ. ತೊಟ್ಟಿಲಲ್ಲಿ ಬಿದ್ದಿದ್ದಾಗ ಅದರಿಂದ ಅವನಿಗೇನೂ ತೊಂದರೆ ಇರಲಿಲ್ಲ. ಈಗ ಹೊಟ್ಟೆ ಎಳೆಯುತ್ತೆ, ತೆವಳಿಕೊಂಡು ಬಂದು ಅವನ ಜೆಸಿಬಿ ಹಿಡಿದು ಬಾಯಿಗೆ ಹಾಕುತ್ತೆ. ಅವನು ಸಾಲಾಗಿ ನಿಲ್ಲಿಸಿದ ಕಾರುಗಳನ್ನೆಲ್ಲ ಒಂದೇ ಸಲ ಬೀಳಿಸುತ್ತೆ. ನೀವು 'ಪಾಪು ಅಲ್ವಾ, ಕೊಡು ಬಿಡು' ಅಂತೀರಿ. ಅವನು ಗಿಲ್ಲುತ್ತಾನೆ. ಗಿಲ್ಲೋದು ತಪ್ಪು, ಆದರೆ ಅವನ ಸಿಟ್ಟಿಗೆ ಕಾರಣ ಇದೆ. ಮಂಚದ ಮೇಲೋ ಮೇಜಿನ ಮೇಲೋ ಅವಳ ಕೈಗೆ ಸಿಗದ ಒಂದು ಜಾಗ ಅವನಿಗೆ ಅಂತಲೇ ಬಿಡಿ. ಅಲ್ಲಿರೋದನ್ನು ಪಾಪು ಎಷ್ಟೇ ಅತ್ತರೂ ನೀವು ತೆಗೆದುಕೊಡಬಾರದು. ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಟ್ಟು ಕುಕ್ಕರ್ ಕೂಗಿತು ಅಂತ ಅಡುಗೆಮನೆಗೆ ಓಡಬೇಡಿ. ಓಡಲೇಬೇಕಾದರೆ ಒಬ್ಬರನ್ನು ಜೊತೆಗೆ ಎತ್ತಿಕೊಂಡು ಹೋಗಿ.

ಸಾಂಬ್ರಾಣಿ ವಿಷಯ ಓದಿ ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು. ಹೊಗೆ ಇಬ್ಬರಿಗೂ ಬೇಡ. ಎಳೆ ಮಕ್ಕಳ ಶ್ವಾಸಕೋಶಕ್ಕೆ ಅದು ಒಳ್ಳೆಯದಲ್ಲ. ಎಣ್ಣೆ ತಿಕ್ಕೋದು, ಬಿಸಿನೀರು ಹುಯ್ಯೋದು, ಹಳೇ ಸೀರೆಯಲ್ಲಿ ಸುತ್ತಿ ತೊಡೆ ಮೇಲೆ ಹಾಕಿಕೊಂಡು ತಲೆ ಒರೆಸೋದು, ಇಷ್ಟನ್ನೂ ಅವನಿಗೂ ಮಾಡಿ. ಮೂರು ಮುಕ್ಕಾಲು ವರ್ಷದವನು ಸೀರೆಯಲ್ಲಿ ಸುತ್ತಿಸಿಕೊಂಡು ಪಾಪುವಿನ ಹಾಗೆ ಕುಯ್ ಕುಯ್ ಅಂದರೆ 'ಇಷ್ಟು ದೊಡ್ಡವನಾಗಿ' ಅಂತ ಹಂಗಿಸಬೇಡಿ. ಸ್ವಲ್ಪ ಹೊತ್ತು ಹಾಗಿದ್ದು ತಾನೇ ಎದ್ದು ಓಡುತ್ತಾನೆ. ಹಾಸಿಗೆ ಒದ್ದೆ ಮಾಡೋದೂ ಇದೇ ಸಾಲಿಗೆ ಸೇರಿದ್ದು. ಐದು ವರ್ಷದೊಳಗೆ ಅದು ದೊಡ್ಡ ವಿಷಯ ಅಲ್ಲ. ರಬ್ಬರ್ ಶೀಟ್ ಹಾಸಿ, ಬೆಳಗ್ಗೆ ಎಲ್ಲರ ಮುಂದೆ ಅದರ ಸುದ್ದಿ ಎತ್ತಬೇಡಿ. ಉರಿ ಅಂತ ಅತ್ತರೆ, ಜ್ವರ ಬಂದರೆ ಮಾತ್ರ ಮೂತ್ರ ಪರೀಕ್ಷೆ ಮಾಡಿಸಿ.

ಹೊಡೆದದ್ದಕ್ಕೆ ಅವನ ಹತ್ತಿರ 'ಅಮ್ಮ ಹೊಡೀಬಾರದಿತ್ತು, ನೀನೂ ಗಿಲ್ಲಬಾರದಿತ್ತು' ಅಂತ ಒಂದು ಸಲ ಹೇಳಿ. ಅಷ್ಟು ಸಾಕು. ದಿನಾ ಅದನ್ನೇ ನೆನೆಸಿಕೊಂಡು ಕೊರಗಬೇಡಿ.

ತೊದಲಿಗೆ ಬರೋಣ. ಎರಡರಿಂದ ಐದು ವರ್ಷದೊಳಗೆ ತೊದಲು ಶುರುವಾಗೋದು ಸಾಮಾನ್ಯ. ತುಂಬ ಮಕ್ಕಳಿಗೆ ತಾನಾಗೇ ಹೋಗುತ್ತೆ. 'ನಿಧಾನವಾಗಿ ಹೇಳು', 'ಸರಿಯಾಗಿ ಹೇಳು' ಅನ್ನಬೇಡಿ. ಅವನ ಮಾತನ್ನು ನೀವು ಮುಗಿಸಿ ಕೊಡಬೇಡಿ. ಮುಖ ನೋಡುತ್ತಾ ಪೂರ್ತಿ ಕೇಳಿ, ನೀವು ಮಾತಾಡೋದನ್ನು ನಿಧಾನ ಮಾಡಿ. ಎರಡು ತಿಂಗಳಾಗಿದೆ ಅನ್ನೋದಾದರೆ ಕಾಯೋದಕ್ಕಿಂತ ತೋರಿಸೋದು ವಾಸಿ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, 1965ರಿಂದ ಇದೇ ಕೆಲಸ ಮಾಡ್ತಿರೋ ಸಂಸ್ಥೆ. ಬೇರೆ ರಾಜ್ಯಗಳಿಂದ ರೈಲು ಹತ್ತಿ ಜನ ಬರುತ್ತಾರೆ, ನಿಮಗೆ ಆಟೋದಲ್ಲಿ ಹೋಗೋ ದೂರ. ಅವರು ವಾರಕ್ಕೊಂದು ಸಲ ಬನ್ನಿ ಅಂದರೆ ಹಳ್ಳಿಯಿಂದ ಯಾರು ಕರ್ಕೊಂಡು ಬರ್ತಾರೆ? ಕಳಿಸಬೇಡಿ ಅನ್ನೋಕೆ ಇದೂ ಒಂದು ಕಾರಣ.

ಮೊಬೈಲ್ ಜೊತೆ ಈಗಲೇ ಯುದ್ಧಕ್ಕೆ ಇಳಿಯಬೇಡಿ. ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಮಗಳಿಗೆ ಅಂತೂ ತೋರಿಸಲೇಬಾರದು. ಆದರೆ ಒಬ್ಬರೇ ಇಬ್ಬರಿಗೆ ಉಣ್ಣಿಸುವ ಸಂಜೆಯಲ್ಲಿ ಮೊಬೈಲ್ ಕಿತ್ತುಕೊಂಡರೆ ಆ ಜಾಗಕ್ಕೆ ಏನು ಇಡ್ತೀರಿ? ಮೊದಲು ಸಂಜೆಗೆ ಇನ್ನೊಂದು ಜೊತೆ ಕೈ ಹುಡುಕಿ. ಬೆಳಗಿನ ತಿಂಡಿಗೆ ಮಾತ್ರ ಈಗಿಂದಲೇ ಮೊಬೈಲ್ ಬೇಡ. ಅವನ ಕೈಗೇ ದೋಸೆ ಕೊಡಿ, ಚೆಲ್ಲಿದರೆ ಚೆಲ್ಲಲಿ.

ಆ ಇನ್ನೊಂದು ಜೊತೆ ಕೈ ಎಲ್ಲಿಂದ? ಸಂಜೆ ಐದರಿಂದ ಏಳರವರೆಗೆ ದೊಡ್ಡವನ ಜೊತೆ ಆಡೋಕೆ, ಹತ್ತಿರದ ಪಾರ್ಕಿಗೆ ಕರ್ಕೊಂಡು ಹೋಗೋಕೆ ಗೊತ್ತಿರುವವರ ಮನೆಯ ಯಾರಾದರೂ ಸಿಗುತ್ತಾರಾ ನೋಡಿ. ಕಾಲೇಜು ಓದುವ ಹುಡುಗಿ ಇರಬಹುದು, ನಿವೃತ್ತರಾದ ಅಕ್ಕ ಇರಬಹುದು. ಪುಕ್ಕಟೆ ಕೇಳಬೇಡಿ, ತಿಂಗಳಿಗೆ ಇಷ್ಟು ಅಂತ ಮಾತಾಡಿ ಕೊಡಿ. ದುಡ್ಡು ಎಲ್ಲಿಂದ ಅಂದರೆ, ಮಗನನ್ನು ಕಳಿಸಿದ್ದರೆ ಹಳ್ಳಿಗೆ ಓಡಾಡೋಕೆ, ಅಲ್ಲಿಗೆ ಸಾಮಾನು ಕಳಿಸೋಕೆ ಖರ್ಚು ಆಗ್ತಿರಲಿಲ್ವಾ?

ಗಂಡನಿಗೆ ಹೇಳಿ: ವಾರಕ್ಕೆ ಒಂದು ದಿನ ಮನೆಯಿಂದ ಕೆಲಸ ಮಾಡೋಕೆ ಆಫೀಸಲ್ಲಿ ಬಾಯಿಬಿಟ್ಟು ಕೇಳಲಿ. 'ಕೊಡಲ್ಲ' ಅಂತ ಕೇಳೋಕೆ ಮುಂಚೆಯೇ ಹೇಳುವ ಗಂಡಸರು ತುಂಬ. ಉಳಿದ ದಿನ ವಾಪಸ್ ಬರುವಾಗ ರೈಲಿನಿಂದ ಮಗನಿಗೆ ಫೋನ್ ಮಾಡಿ ಕಥೆ ಹೇಳಲಿ, ವಿಡಿಯೋ ಬೇಡ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಸೇತುವೆ ಮೇಲೆ ರೈಲಿನ ಸದ್ದು ಬದಲಾಗುತ್ತಲ್ಲ, ಅದು ಕೇಳಿದ ಮೇಲೆ ಮಲಗೋದು ಅಂತ ಮಾಡಿಕೊಂಡರೂ ಆಯ್ತು. ಶನಿವಾರ ರಾತ್ರಿ ಅಪ್ಪ ಮಗ ಇಬ್ಬರೇ ಹಳ್ಳಿಗೆ ಹೋಗಿ ಭಾನುವಾರ ಸಂಜೆ ಬರಲಿ. ಆಗ ಅಜ್ಜಿ ಮನೆ ಅವನಿಗೆ ಶಿಕ್ಷೆ ಅನ್ನಿಸಲ್ಲ, ನಾಲೆ ಕಡೆ ಓಡಿದರೆ ಹಿಂದೆ ಓಡೋಕೆ ಅಪ್ಪ ಇರುತ್ತಾನೆ, ನಿಮಗೂ ಒಂದು ರಾತ್ರಿ ಒಂದೇ ಮಗು.

ಅತ್ತೆಗೆ 'ಬೇಡ' ಅಂತ ಮಾತ್ರ ಹೇಳಿ ಫೋನ್ ಇಡಬೇಡಿ. ಅವರು ಹೇಳಿದ್ದರಲ್ಲಿ ಕುಹಕ ಇಲ್ಲ, ನಿಮ್ಮ ಕಷ್ಟ ಕಂಡು ತಮಗೆ ತೋಚಿದ ದಾರಿ ಹೇಳಿದ್ದಾರೆ. 'ಅವನನ್ನ ಕಳಿಸೋಕೆ ಮನಸ್ಸು ಬರ್ತಿಲ್ಲ ಅತ್ತೆ, ನೀವೇ ವಾರಕ್ಕೊಂದು ಸಲ ಬಂದುಹೋಗಿ' ಅನ್ನಿ. ಬೆಳಗಿನ ಹಾಲು ಡೈರಿಗೆ ಹಾಕಿ ಬಸ್ ಹತ್ತಿದರೆ ಸಂಜೆ ಹಾಲು ಕರೆಯೋ ಹೊತ್ತಿಗೆ ವಾಪಸ್ ಹೋಗಬಹುದು. ಶಕ್ತಿ ಯೋಜನೆ ಬಂದ ಮೇಲೆ, 2023ರ ಜೂನ್‌ನಿಂದ, ಸರ್ಕಾರಿ ಬಸ್ಸಿಗೆ ಅವರು ಟಿಕೆಟ್ ದುಡ್ಡೂ ಕೊಡಬೇಕಾಗಿಲ್ಲ. ಅವರು ನಿಮ್ಮ ಮನೆಯಲ್ಲಿರುವ ಆ ನಾಲ್ಕು ಗಂಟೆ ಹೊತ್ತು ಪಾಪು ಅವರ ಹತ್ತಿರ ಇರಲಿ, ನೀವು ಮಗನೊಬ್ಬನನ್ನೇ ಕರ್ಕೊಂಡು ಕುಕ್ಕರಹಳ್ಳಿ ಕೆರೆ ಕಡೆ ಹೋಗಿ. ಅಥವಾ ಅವರಿಗೆ ಇಬ್ಬರನ್ನೂ ಒಪ್ಪಿಸಿ ಬಾಗಿಲು ಹಾಕ್ಕೊಂಡು ಮಲಗಿ.

ನಿಮ್ಮ ಅಮ್ಮನಿಗೂ ಒಂದು ಕೆಲಸ ಕೊಡಿ. ಮುಖ ನೋಡಲ್ಲ ಅನ್ನೋ ಬದಲು ತಿಂಗಳಲ್ಲಿ ಒಂದು ವಾರ ಬಂದು ಇರಲಿ, ಈ ತಿಂಗಳ ವಾರ ಯಾವುದು ಅಂತ ಇವತ್ತೇ ಕೇಳಿಬಿಡಿ.