ರಿಬ್ಬನ್ ಈಲ್ ಮನೆಗೆ ತರಬಹುದೇ?

300 ಲೀಟರಿನ ಕಡಲನೀರಿನ ತೊಟ್ಟಿ ಒಂದು ವರ್ಷದಿಂದ ಚೆನ್ನಾಗಿ ನಡೆಯುತ್ತಿದೆ, ಅಂಗಡಿಯಲ್ಲಿ ಕಂಡ ನೀಲಿ ರಿಬ್ಬನ್ ಈಲ್ (ಹಾವಿನಂತೆ ಉದ್ದನೆಯ ಕಡಲಮೀನು) ತರಲೇ ಎಂದು ಕೇಳಿದ್ದೀರಿ. ಅದು ನಿಮ್ಮ ಕಣ್ಣೆದುರು ಆಹಾರ ತಿನ್ನುವವರೆಗೆ ತರಬೇಡಿ. ಫಿಲ್ಟರ್, ಉಪ್ಪಿನಂಶ ಎಲ್ಲ ಆಮೇಲಿನ ಮಾತು. ಈ ಮೀನು ಸಾಯುವುದು ಹೆಚ್ಚಾಗಿ ನೀರು ಕೆಟ್ಟು ಅಲ್ಲ, ಉಪವಾಸದಿಂದ.

ಕಲ್ಲಿನ ಸಂದಿಯಿಂದ ತಲೆ ಚಾಚಿ ಬಾಯಿ ತೆರೆದು ಮುಚ್ಚುತ್ತಿದ್ದರೆ ‘ಹಸಿದಿದೆ ನೋಡಿ’ ಎನ್ನುವವರಿದ್ದಾರೆ. ಅದು ಹಸಿವಲ್ಲ, ಉಸಿರಾಟ. ಕಿವಿರುಗಳಿಗೆ ನೀರು ಹಾಯಿಸುವ ರೀತಿ. ಇಕ್ಕಳದಲ್ಲಿ ಸತ್ತ ಮೀನಿನ ತುಂಡು ಹಿಡಿದು ಅದರ ಮುಂದೆ ಆಡಿಸಲು ಅಂಗಡಿಯವರಿಗೆ ಹೇಳಿ. ಕಚ್ಚಿದರೆ ಸಾಲದು, ನುಂಗಬೇಕು. ಕೆಲವು ದಿನ ಬಿಟ್ಟು ಹೋಗಿ ಮತ್ತೊಮ್ಮೆ ತಿನ್ನಿಸಿ ನೋಡಿ. ತಲೆಯ ಹಿಂಭಾಗವನ್ನೂ ಗಮನಿಸಿ: ಬೆನ್ನುಮೂಳೆಯ ಇಕ್ಕೆಲಗಳಲ್ಲಿ ಮಾಂಸ ಒಳಸೇರಿ ಬೆನ್ನು ಏಣಿನಂತೆ ಎದ್ದಿದ್ದರೆ ಹಣ ಕೊಡಬೇಡಿ. ‘ಪಾಪ, ನಾನಾದರೂ ಬದುಕಿಸುತ್ತೇನೆ’ ಎಂಬ ಕನಿಕರ ಬೇಡ. ಮಾರಾಟಕ್ಕೆ ಬರುವ ರಿಬ್ಬನ್ ಈಲ್‌ಗಳು ಹೆಚ್ಚುಕಡಿಮೆ ಎಲ್ಲವೂ ಕಡಲಿನಿಂದ ಹಿಡಿದವು. ನೀವು ಒಂದನ್ನು ಕೊಂಡರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ.

ಬಣ್ಣಕ್ಕೆ ಮರುಳಾಗಿದ್ದರೆ ಇದೂ ತಿಳಿದಿರಲಿ. ಮರಿ ಕಪ್ಪು, ಗಂಡು ನೀಲಿ. ಅದೇ ಗಂಡು ಮುಂದೆ ಹೆಣ್ಣಾಗಿ ಹಳದಿಗೆ ತಿರುಗಬಹುದು. ಉದ್ದ ಒಂದು ಮೀಟರ್ ದಾಟುವುದೂ ಉಂಟು.

ಚೆನ್ನಾಗಿ ತಿನ್ನುವ ಈಲ್ ಸಿಕ್ಕಿತು ಎನ್ನೋಣ. ಅಡಗಿಕೊಳ್ಳಲು ಮರಳಿನಲ್ಲಿ ಹೂತ ಪಿವಿಸಿ ಕೊಳವೆಗಳು ಬೇಕು. ಮುಚ್ಚಳದಲ್ಲಿ ವೈರು, ಕೊಳವೆ ಹಾಯುವ ಕಿಂಡಿಗಳನ್ನೂ ಜಾಲರಿಯಿಂದ ಮುಚ್ಚಿ. ಬೆರಳು ತೂರುವ ಕಿಂಡಿ ಇದಕ್ಕೆ ಹೆಬ್ಬಾಗಿಲು. ಚಿಪ್ಪಿಲ್ಲದ ಮೈಯಾದ್ದರಿಂದ ತಾಮ್ರದ ಔಷಧಿಯಿಂದ ದೂರವಿಡಿ. ಮುನ್ನುಗ್ಗಿ ತಿನ್ನುವ ಟ್ರಿಗರ್ ಮೀನಿನಂಥ ಜೊತೆಗಾರರು ಬೇಡ, ಬಾಯಿಗೆ ಹಿಡಿಸುವ ಪುಟ್ಟ ಮೀನುಗಳೂ ಬೇಡ. ಮೊದಮೊದಲು ಜೀವಂತ ಮೀನನ್ನೇ ಕೊಡಬೇಕಾಗಿ ಬಂದರೂ ಗೋಲ್ಡ್‌ಫಿಶ್ ಹಾಕಬೇಡಿ. ಅದರಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ನಾಶಮಾಡುತ್ತದೆ.

ಇಷ್ಟು ಕಾಯಲು, ಇಷ್ಟು ಕಾವಲಿರಲು ಮನಸ್ಸಿಲ್ಲದಿದ್ದರೆ ನಾನು ಸೂಚಿಸುವುದು ಸ್ನೋಫ್ಲೇಕ್ ಮೊರೆ ಎಂಬ ಇನ್ನೊಂದು ಈಲ್. ಬಿಳಿ ಮೈಮೇಲೆ ಕಪ್ಪು ಚಿತ್ತಾರ, ನಡುನಡುವೆ ಹಳದಿ ಚುಕ್ಕೆ. ನನ್ನ ಕಣ್ಣಿಗೆ ಅದೇನೂ ಕಡಿಮೆ ಚೆಲುವಲ್ಲ. ಸತ್ತ ಸೀಗಡಿಯನ್ನೂ ಸಾಮಾನ್ಯವಾಗಿ ತಕರಾರಿಲ್ಲದೆ ತಿನ್ನುತ್ತದೆ. ಮುಚ್ಚಳದ ಕಟ್ಟುನಿಟ್ಟು ಇದಕ್ಕೂ ಅನ್ವಯಿಸುತ್ತದೆ. ತೊಟ್ಟಿಯಲ್ಲಿ ಈಗಾಗಲೇ ಏಡಿ, ಸೀಗಡಿ ಸಾಕಿದ್ದರೆ ಮಾತ್ರ ಅವುಗಳಿಗೆ ಮೊದಲು ಬೇರೆ ಮನೆ ನೋಡಿ.