ಸ್ಕೂಬಾ ಡೈವಿಂಗ್‌ನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಸಿದವರನ್ನು 18 ಮೀಟರ್ ಆಳಕ್ಕೇ ಯಾಕೆ ನಿಲ್ಲಿಸುತ್ತಾರೆ?

ಆಳಕ್ಕೆ ಹೋದಷ್ಟೂ ಗಾಳಿಯ ಲೆಕ್ಕವೇ ಬದಲಾಗುತ್ತದೆ, ಅದಕ್ಕೆ. ಸ್ಕೂಬಾದಲ್ಲಿ ಪ್ರತಿ 10 ಮೀಟರ್ ಇಳಿದಾಗ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. 30 ಮೀಟರ್‌ನಲ್ಲಿ ಅದು ದಡದಲ್ಲಿರುವುದರ ನಾಲ್ಕು ಪಟ್ಟು. ಸಿಲಿಂಡರ್ ಕೂಡ ನಾಲ್ಕು ಪಟ್ಟು ಬೇಗ ಖಾಲಿ! ಒತ್ತಡ ಜಾಸ್ತಿಯಾದ ಹಾಗೆ ಉಸಿರಿನ ನೈಟ್ರೋಜನ್ ಮೈಯಲ್ಲಿ ಹೆಚ್ಚು ಕರಗುತ್ತದೆ. ಸರ್ರನೆ ಮೇಲೆ ಬಂದರೆ, ಸೋಡಾ ಬಾಟಲಿ ತೆರೆದ ಹಾಗೆ, ಅದು ಗುಳ್ಳೆಯಾಗುತ್ತದೆ. ಕೀಲುನೋವಿನಿಂದ ಹಿಡಿದು ಲಕ್ವದವರೆಗೆ ಏನೂ ಆಗಬಹುದು. ಅದಕ್ಕೇ ಡೈವಿಂಗ್ ತರಬೇತಿಯ ಪಾಡಿ (PADI) ಸಂಸ್ಥೆಯ ಕೋಷ್ಟಕದಲ್ಲಿ ಮೊದಲ ಡೈವ್‌ಗೆ 18 ಮೀಟರ್‌ನಲ್ಲಿ 56 ನಿಮಿಷದ ಮಿತಿಯಿದೆ. 30 ಮೀಟರ್‌ನಲ್ಲಿ, ಇಳಿಯುವ ಹೊತ್ತೂ ಸೇರಿ, ಬರೀ 20.

ಇನ್ನೊಂದು ತೊಂದರೆ ನೈಟ್ರೋಜನ್ ಅಮಲು. ಸುಮಾರು 30 ಮೀಟರ್ ಹತ್ತಿರ ಅನೇಕರಿಗೆ ತಲೆ ಮಂಕಾಗುತ್ತದೆ. ಕುಡಿದವರಂತೆ, ಇವರಿಗೂ ಅದು ಗೊತ್ತಾಗುವುದು ಅಪರೂಪ. ಅದಕ್ಕೇ ಮುಂದಿನ ಹಂತದ ಅಡ್ವಾನ್ಸ್ಡ್ ಕೋರ್ಸಿನ ಆಳದ ಡೈವ್‌ನಲ್ಲಿ ಒಂದು ಸಣ್ಣ ಲೆಕ್ಕವನ್ನು ದಡದಲ್ಲೊಮ್ಮೆ, ಕೆಳಗೊಮ್ಮೆ ಮಾಡಿಸಿ, ಹಿಡಿದ ಸಮಯ ಹೋಲಿಸುವುದುಂಟು. ನೋಡಿದಾಗಲೇ ನಂಬಿಕೆ ಬರೋದು ಅಲ್ವಾ! ಸ್ವಲ್ಪ ಮೇಲೇರಿದರೆ ಅಮಲು ಇಳಿಯುತ್ತದೆ. ನಿಧಾನವಾಗಿ ಏರುವುದು, 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲುವುದು, ಗಾಳಿ ಉಳಿಸಿಕೊಂಡೇ ಹಿಂತಿರುಗುವುದು, ಇವೂ ಅಲ್ಲಿ ರೂಢಿಯಾಗುತ್ತವೆ. ಈ ಕೋರ್ಸ್ 30 ಮೀಟರ್‌ವರೆಗೆ, ಮುಂದಿನ ಡೀಪ್ ಕೋರ್ಸ್ 40ರವರೆಗೆ.